ಸರ್ವಧರ್ಮ ಸಮ್ಮೇಳನಕ್ಕೆ ಹೊಸ ಹುಡುಗರನ್ನ ಕರ್ಕೊಂಡು ಹೋಗೋದು: ನನ್ನ ಅನುಭವ

ಕಾರ್ತಿಕ ಬಂತು ಅಂದ್ರೆ ಕುಮಟಾ ಕಡೆಯಿಂದ ಧರ್ಮಸ್ಥಳದ ಲಕ್ಷದೀಪೋತ್ಸವಕ್ಕೆ ಗಾಡಿ ಮಾಡ್ಕೊಂಡು ಹೋಗೋರು ಬೇಕಾದಷ್ಟು ಜನ ಇದಾರೆ, ಆದ್ರೆ ಪಿಯುಸಿ, ಡಿಗ್ರಿ ಓದೋ ಮಕ್ಕಳನ್ನ ಕರ್ಕೊಂಡು ಹೋಗಿ ಅಲ್ಲಿನ ಸರ್ವಧರ್ಮ ಸಮ್ಮೇಳನದಲ್ಲಿ, ಅಂದ್ರೆ ಬೇರೆ ಬೇರೆ ಧರ್ಮದ ಬಗ್ಗೆ ಉಪನ್ಯಾಸ ನಡೆಯೋ ಸಭೆಯಲ್ಲಿ, ಕೊನೇ ಭಾಷಣದ ತನಕ ಕೂರ್ಸಿದ್ದು ನಮ್ಮ ಕೇರಿಯಲ್ಲಿ ನಾವೇ ಮೊದಲು, ಇದನ್ನ ಧೈರ್ಯವಾಗೇ ಹೇಳ್ತೀನಿ. ಹೇಗೆ ಮಾಡಿದ್ರಿ ಅಂತ ಅಂಕೋಲಾ, ಹೊನ್ನಾವರದಿಂದೆಲ್ಲ ಫೋನ್ ಬರ್ತಾ ಇದೆ, ಅದ್ಕೆ ಬರೀತಿದೀನಿ. ದೀಪೋತ್ಸವದ ದಿನಗಳಲ್ಲಿ ನಡೆಯೋ ಹೊಸಕಟ್ಟೆ ಉತ್ಸವ, ಕೆರೆಕಟ್ಟೆ ಉತ್ಸವ ಎಲ್ಲ ನಿಮ್ಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಶುರುವಲ್ಲಿ ಪಕ್ಕದ್ಮನೆ ಮಾವ ಹೇಳಿದ್ರು, "ತಂಗಿ, ಇವು ಭಾಷಣ ಕೇಳೂಕೆ ಹೋಗೂದಲ್ಲ, ಅಂಗಡಿ ತಿರ್ಗೂಕೆ ಹೋಗೂದು. ಸುಮ್ನೆ ದುಡ್ಡು ಹಾಳು." ಮೊದಮೊದಲು ಆದದ್ದೂ ಹಾಗೇ. ಟೆಂಪೋ ಟ್ರಾವೆಲರ್ ಮಾಡಿದ್ವಿ, ಎರಡು ದಿನಕ್ಕೆ ಹದಿನೆಂಟು ಸಾವಿರದ ಹತ್ರ ತಗೊಂಡ್ರು, ತಲೆಗೆ ಸಾವಿರದೈನೂರರ ಮೇಲೆ ಬಿತ್ತು. ದೀಪೋತ್ಸವದ ಟೈಮಲ್ಲಿ ಗಾಡಿನ ಎಲ್ಲೋ ದೂರ ನಿಲ್ಲಿಸ್ಬೇಕು, ಡ್ರೈವರ್‌ನ ಹುಡ್ಕೋದೇ ಒಂದು ಕೆಲ್ಸ, ಸಾಲದ್ದಕ್ಕೆ ಅವ್ನು "ಹತ್ತು ಗಂಟೆಗೆ ಹೊರಡ್ಬೇಕು" ಅಂತ ಅವಸರ ಮಾಡ್ತಾನೆ. ಮಕ್ಕಳು ಸಂತೆಯಲ್ಲಿ ಚದುರಿ ಹೋದ್ರೆ ಫೋನ್ ಹತ್ತಲ್ಲ, ಅಷ್ಟು ಜನ ಒಂದೇ ಕಡೆ ಸೇರಿದಾಗ ನೆಟ್‌ವರ್ಕ್ ಎಲ್ಲಿಂದ ಬರ್ಬೇಕು. ವಾಟ್ಸಾಪ್ ಗ್ರೂಪ್ ಮಾಡಿದ್ರೆ ಮೆಸೇಜು ಎಲ್ಲ ವಾಪಸ್ ಉಡುಪಿ ದಾಟಿದ್ಮೇಲೆ ಒಟ್ಟಿಗೆ ಬಂದು ಬೀಳ್ತಿತ್ತು.

ಆಮೇಲೆ ಟ್ರಾವೆಲರ್ ಬಿಟ್ಟು ಸರ್ಕಾರಿ ಬಸ್ ಹಿಡಿದ್ವಿ. 2023ರ ಜೂನಿಂದ ಶಕ್ತಿ ಯೋಜನೆ ಬಂತಲ್ಲ, ಸರ್ಕಾರಿ ಬಸ್ಸಲ್ಲಿ ಹುಡ್ಗೀರಿಗೆ ಟಿಕೆಟ್ಟಿಗೆ ದುಡ್ಡಿಲ್ಲ, ಆದ್ರೆ ಕುಂದಾಪುರ ಉಡುಪಿ ಕಡೆ ಖಾಸಗಿ ಬಸ್ಸೇ ಜಾಸ್ತಿ, ಅವಸರಕ್ಕೆ ಅದನ್ನ ಹತ್ತಿದ್ರೆ ಕೈಯಿಂದ ಕೊಡ್ಬೇಕು, ಅರ್ಧ ಮುಕ್ಕಾಲು ಗಂಟೆ ಕಾದ್ರೂ ಚಿಂತಿಲ್ಲ ಸರ್ಕಾರಿದೇ ಹಿಡೀರಿ. ಹುಡುಗರಿಗೆ ಹೋಗಿ ಬರೋದಕ್ಕೆ ಏಳ್ನೂರು ಎಂಟ್ನೂರು ಆಗತ್ತೆ. ಹುಡ್ಗೀರಿಗೆ ಫ್ರೀ ನಮಗೆ ಮಾತ್ರ ಖರ್ಚು ಅಂತ ಹುಡುಗರು ಗೊಣಗಿದ್ರು, ಅದು ನ್ಯಾಯವೇ, ಹಾಗಾಗಿ ಎಲ್ರೂ ಸಮ ಆರ್ನೂರು ಹಾಕೋದು ಅಂತ ಮಾಡ್ದೆ. ಅದ್ರಲ್ಲೇ ಹುಡುಗರ ಟಿಕೆಟ್ಟು, ಧರ್ಮಸ್ಥಳದ ಹತ್ರದ ಉಜಿರೆಯಲ್ಲಿ ಒಂದು ರಾತ್ರಿ ರೂಮು, ಚಹಾ ತಿಂಡಿ ಎಲ್ಲ ಮುಗೀತದೆ, ಹುಡ್ಗೀರು ಅರ್ಧಕ್ಕಿಂತ ಜಾಸ್ತಿ ಇದ್ರೆ ಸ್ವಲ್ಪ ಉಳಿಯತ್ತೂ ಸಹ. ಊಟಕ್ಕೆ ಅನ್ನಪೂರ್ಣ ಛತ್ರ ಇದೆ. ಧರ್ಮಸ್ಥಳದಲ್ಲೇ ರೂಮು ಆ ದಿನಗಳಲ್ಲಿ ಸಿಗತ್ತೆ ಅಂತ ನಂಬ್ಕೊಂಡು ಹೋಗ್ಬೇಡಿ.

ಈಗ ಮುಖ್ಯ ವಿಷಯ. ಹೊಸಬರು ಭಾಷಣ ಕೇಳಲ್ಲ ಅಂದ್ರೆ ಅವ್ರಿಗೆ ಅದು ಯಾರದ್ದೋ ಭಾಷಣ, ಅದ್ಕೆ ಕೇಳಲ್ಲ. ಆಮಂತ್ರಣ ಪತ್ರಿಕೆ ಬಂದ ಕೂಡ್ಲೇ ನಾನು ಉಪನ್ಯಾಸಕರ ಹೆಸರು ಹಂಚಿಬಿಡ್ತೀನಿ, ಒಂದು ಜೋಡಿಗೆ ಒಬ್ರು. ಒಂದ್ಸಲ ಹೋಗಿ ಬಂದವ್ರ ಜೊತೆ ಒಬ್ಬ ಹೊಸಬ, ಇದೇ ಜೋಡಿ. ಅವ್ರು ಆ ಉಪನ್ಯಾಸಕರು ಯಾರು, ಯಾವ ಧರ್ಮದ ಬಗ್ಗೆ ಮಾತಾಡ್ತಾರೆ ಅಂತ ಮೊದ್ಲೇ ಓದ್ಕೊಂಡು ನಮ್ಮನೆ ಜಗುಲಿಯಲ್ಲಿ ಐದು ನಿಮಿಷ ಹೇಳ್ಬೇಕು. ಜೈನ ಧರ್ಮ ಬಂದ ಜೋಡಿ ಅನೇಕಾಂತವಾದ, ಅಂದ್ರೆ ಸತ್ಯಕ್ಕೆ ಹಲವು ಮುಖ ಇರತ್ತೆ ಅನ್ನೋ ಜೈನರ ವಿಚಾರ, ಓದ್ಕೊಂಡು ಬಂದ್ರು, ಅದ್ರಲ್ಲಿದ್ದ ಕೂಸು ಕೇಳಿದ್ಲು, "ಅಕ್ಕಾ, ಅಲ್ಲಿ ದೇವ್ರು ಶಿವ, ಪೂಜೆ ಮಾಡೋರು ವೈಷ್ಣವ ಅರ್ಚಕರು, ಕ್ಷೇತ್ರ ನಡೆಸೋ ಹೆಗ್ಗಡೆಯವರು ಜೈನರು, ಮತ್ತೆ ಅದು ಅನೇಕಾಂತವೇ ಅಲ್ವಾ?" ಅವತ್ತು ಜಗುಲಿಯಲ್ಲಿ ರಾತ್ರಿ ಒಂಬತ್ತರ ತನಕ ಚರ್ಚೆ ಆಯ್ತು, ಅದೇ ಮಾವ ಸಹ ಬಂದು ಕೂತ್ಕೊಂಡ್ರು. 1933ರಿಂದ ಈ ಸಮ್ಮೇಳನ ನಡೀತಾ ಬಂದಿದೆ, ಸ್ವಾತಂತ್ರ್ಯಕ್ಕೂ ಮೊದ್ಲಿಂದು ಅಂದಾಗ ಮಕ್ಕಳ ಮುಖ ನೋಡ್ಬೇಕಿತ್ತು.

ನೋಟ್‌ಬುಕ್ ಹತ್ತು ರೂಪಾಯಿದು ಸಾಕು, ಕಿಸೆಗೆ ಹೋಗೋ ಸೈಜು, ಸುರುಳಿ ತಂತಿಗೆ ಪೆನ್ಸಿಲ್ ದಾರದಲ್ಲಿ ಕಟ್ಟಿರ್ತೀನಿ, ಯಾಕಂದ್ರೆ ಕತ್ತಲಲ್ಲಿ ಜನರ ಕಾಲಡಿ ಬಿದ್ದ ಪೆನ್ನು ಮತ್ತೆ ಸಿಗಲ್ಲ. ಎಡಗಡೆ ಪುಟದಲ್ಲಿ ಕೇಳಿದ್ದು, ಬಲಗಡೆ ತಮಗೆ ಬಂದ ಸಂಶಯ. ಬಲಗಡೆ ಖಾಲಿ ಬಿಟ್ರೆ ನಾನು ಒಪ್ಪಲ್ಲ. ಮೊಬೈಲಲ್ಲಿ ರೆಕಾರ್ಡ್ ಮಾಡೋದನ್ನೂ ಟ್ರೈ ಮಾಡಿದ್ವಿ, ಫ್ಯಾನಿನ ಸದ್ದು, ಪಕ್ಕದವ್ರ ಮಾತು, ಮಗು ಅಳೋದು ಎಲ್ಲ ಸೇರಿ ಒಂದು ವಾಕ್ಯವೂ ಬಿಡಿಸಿ ಕೇಳ್ಲಿಲ್ಲ, ಮೇಲಿಂದ ರಾತ್ರಿ ಬೇಕಾದಾಗ ಬ್ಯಾಟರಿ ಇಲ್ಲ.

ಜನ ತಪ್ಪಿಹೋದ್ರೆ ಏನು? ಫೋನ್ ನಂಬೋದು ಬಿಟ್ವಿ. ಒಂದು ಜಾಗ, ಒಂದು ಟೈಮು. ಬಸ್‌ಸ್ಟ್ಯಾಂಡಲ್ಲಿ ಇಳಿದ ತಕ್ಷಣ ಒಂದು ಕಂಬ ತೋರಿಸ್ತೀನಿ, ಪ್ರತಿ ಗಂಟೆ ಹೊಡೆದಾಗ ಹತ್ತು ನಿಮಿಷ ನಾನೋ ನಮ್ಮ ಇನ್ನೊಬ್ರೋ ಅಲ್ಲಿ ನಿಂತಿರ್ತೀವಿ. ತಪ್ಪಿಸ್ಕೊಂಡವ್ರು ಹುಡುಕ್ಲೇಬಾರ್ದು, ಸೀದಾ ಕಂಬಕ್ಕೆ ಬರ್ಬೇಕು. ಎಲ್ರಿಗೂ ಒಂದೇ ಬಣ್ಣದ ಟವೆಲ್ ಹೊದೆಸಿ ನೋಡಿದ್ವಿ, ಕೇಸರಿ ಬಣ್ಣದ್ದು, ಅಲ್ಲಿ ಅರ್ಧ ಜನರ ಹೆಗಲ ಮೇಲೆ ಅದೇ. ಪೀಪಿ ಊದೋದೂ ಮಾಡಿದ್ವಿ, ವಾಲಂಟಿಯರ್ ಹುಡುಗರು ಬಂದು ಬೈದ್ರು. ಜೋಡಿ ಮಾತ್ರ ಬಾತ್‌ರೂಮಿಗೆ ಹೋಗೋದಾದ್ರೂ ಬಿಡ್ಕೂಡ್ದು, ಒಬ್ರು ಹೊರಗೆ ನಿಲ್ಬೇಕು. ಇದು ಶುರು ಮಾಡಿದ್ಮೇಲೆ ಒಬ್ರನ್ನೂ ಮೈಕಲ್ಲಿ ಕೂಗಿಸೋ ಪ್ರಸಂಗ ಬಂದಿಲ್ಲ.

ಸಮ್ಮೇಳನ ನಡೆಯೋ ಅಮೃತವರ್ಷಿಣಿ ಸಭಾಭವನಕ್ಕೆ ಕಾರ್ಯಕ್ರಮ ಶುರುವಾಗೋ ಎರಡು ಗಂಟೆ ಮೊದ್ಲೇ ಹೋಗಿ ಕೂರ್ಬೇಕು. ಯಾವ ಕಡೆ ಕೂತ್ರೆ ಮೈಕು ಸರಿಯಾಗಿ ಕೇಳತ್ತೆ, ಗಾಳಿನೂ ಬರತ್ತೆ ಅನ್ನೋದನ್ನ ಇಲ್ಲಿ ಬರಿಯಲ್ಲ, ನಾವು ಬಹಳ ಕಷ್ಟಪಟ್ಟು ಕಂಡ್ಕೊಂಡಿದ್ದು. ಮಧ್ಯೆ ಹಸಿವಾದ್ರೆ ಏಳೋ ಹಾಗಿಲ್ಲ, ಅದ್ಕೆ ಒಗ್ಗರಣೆ ಅವಲಕ್ಕಿ ಪೊಟ್ಟಣ ಮತ್ತೆ ಮುರುಗಲ (ಕೋಕಂ) ಶರಬತ್ತು ಇರತ್ತೆ. ಮಜ್ಜಿಗೆ ತಗೊಂಡು ಹೋದ್ರೆ ಮಧ್ಯಾಹ್ನಕ್ಕೇ ಹುಳಿ ಬರ್ತಿತ್ತು, ಮುರುಗಲಿಗೆ ಆ ತೊಂದರೆ ಇಲ್ಲ. ಶರಬತ್ತಿಗೆ ಅತ್ತೆ ಇನ್ನೊಂದೇನೋ ಸೇರಿಸ್ತಾರೆ, ಅದು ಮನೆ ಗುಟ್ಟು.

ಅಂಗಡಿ ತಿರ್ಗೋ ಆಸೆ ಇರೋದೇ, ವಯಸ್ಸು ಅಂಥದ್ದು, ಅದನ್ನ ತಡೆದ್ರೆ ಸಭೆಯಲ್ಲಿ ಮೈ ಇರತ್ತೆ ಮನಸ್ಸು ಇರಲ್ಲ. ಅದ್ಕೆ ಬೆಳಿಗ್ಗೆ ರತ್ನಗಿರಿ ಹತ್ತಿಸಿ ಬಾಹುಬಲಿ ತೋರಿಸ್ತೀನಿ, 39 ಅಡಿ ಮೂರ್ತಿ, 1982ರಲ್ಲಿ ಪ್ರತಿಷ್ಠಾಪನೆ ಆದದ್ದು, ಆಮೇಲೆ ವಸ್ತುಪ್ರದರ್ಶನ, ಅಂಗಡಿ, ಬಳೆ, ಐಸ್‌ಕ್ರೀಮು ಎಲ್ಲ ಮಧ್ಯಾಹ್ನದೊಳಗೆ ಮುಗಿಸ್ಕೊಳ್ಳಿ ಅಂತ ಬಿಟ್ಬಿಡ್ತೀನಿ. ಕೈಯಲ್ಲಿ ಇನ್ನೂರು ರೂಪಾಯಿ, ವಾಪಸ್ ಬರೋ ದುಡ್ಡು ಬೇರೆ ಪೊಟ್ಟಣದಲ್ಲಿ ನನ್ನ ಹತ್ರ.

ಕಳೆದ ಸಲ ವಾಪಸ್ ಬಂದು ಜಗುಲಿಯಲ್ಲಿ ಪ್ರತಿ ಜೋಡಿ ತಮ್ಮ ಉಪನ್ಯಾಸಕರ ಬಗ್ಗೆ ಹೇಳಿದ್ರು, ಕೇಳೋಕೆ ಅಪ್ಪ ಅಮ್ಮಂದಿರು ಬಂದಿದ್ರು, ಜಾಗ ಸಾಲದೆ ಅಂಗಳಕ್ಕೆ ಕಂಬಳಿ ಹಾಸಿದ್ವಿ. ಮಾವ ಈ ಸಲ ತಮ್ಮ ಮೊಮ್ಮಗನ ಹೆಸರು ಮೊದ್ಲೇ ಬರೆಸಿದಾರೆ, ದುಡ್ಡೂ ಕೊಟ್ಟಾಯ್ತು. ಅಂಕೋಲಾದವ್ರು ಬರೋದಾದ್ರೆ ಬೇರೆ ಗುಂಪು ಮಾಡ್ಕೊಳ್ಳಿ, ಹದಿನೈದರ ಮೇಲೆ ಮಕ್ಕಳು ಆದ್ರೆ ಒಬ್ರ ಕೈಲಿ ನೋಡ್ಕೊಳೋಕೆ ಆಗಲ್ಲ. ಹುಡ್ಗೀರು ಆಧಾರ್ ಕಾರ್ಡ್ ಮರೀಬೇಡಿ, ಬಸ್ಸಲ್ಲಿ ಫ್ರೀ ಟಿಕೆಟ್ಟಿಗೆ ತೋರಿಸ್ಬೇಕು.