ಬಿಸಿಯಾದರೆ ಏರು ಹತ್ತದ ಗಾರ್ಡನ್ ಟ್ರ್ಯಾಕ್ಟರ್: ಹೈಡ್ರೋಸ್ಟ್ಯಾಟಿಕ್ ಗೇರ್‌ಬಾಕ್ಸ್ ಸರಿಹೋದದ್ದು ಹೀಗೆ

ಪುಣೆ ಹತ್ತಿರ ಮುಳಶಿಯ ತೋಟದಲ್ಲಿ ಹುಲ್ಲು ಕತ್ತರಿಸುವ ಹಳೇ ಟ್ರ್ಯಾಕ್ಟರ್. ತಣ್ಣಗಿದ್ದಾಗ ಸರಿಯಾಗೇ ಓಡುತ್ತಿತ್ತು. ಬಿಸಿಯಾದ ಮೇಲೆ ಏರಿನಲ್ಲಿ ನಿಂತುಬಿಡುತ್ತಿತ್ತು, ಎಂಜಿನ್ ಮಾತ್ರ ಜೋರಾಗಿ ತಿರುಗುತ್ತಿತ್ತು.

ಬೆಲ್ಟ್ ಬದಲಾಯಿಸಿದೆ, ಲಿಂಕೇಜ್ (ಲಿವರಿನಿಂದ ಗೇರ್‌ಬಾಕ್ಸ್‌ಗೆ ಹೋಗುವ ಸರಳುಗಳು) ಬಿಗಿ ಮಾಡಿದೆ, ಮೇಲಿಂದ ಒಂದಿಷ್ಟು ಆಯಿಲ್ ಸುರಿದೆ. ಉಪಯೋಗವಾಗಲಿಲ್ಲ. 90 ನಂಬರ್ ಗೇರ್ ಆಯಿಲ್ ಹಾಕಿ ಅನ್ನುವವರೂ ಇದ್ದಾರೆ, ಹಾಕಬೇಡಿ. ಹೈಡ್ರೋಸ್ಟ್ಯಾಟಿಕ್ ಗೇರ್‌ಬಾಕ್ಸ್ ಒಳಗೆ ಎಂಜಿನ್ ತಿರುಗಿಸುವ ಪಂಪು ಆಯಿಲನ್ನು ಒತ್ತುತ್ತದೆ, ಆ ಒತ್ತಡದಿಂದಲೇ ಮೋಟರು ತಿರುಗಿ ಚಕ್ರ ಓಡುತ್ತದೆ. ಹಳೇ ಆಯಿಲ್ ಬಿಸಿಗೆ ತೆಳ್ಳಗಾದರೆ ಒತ್ತಡ ಸೋರುತ್ತದೆ, ಅಷ್ಟೇ.

ನನ್ನದಕ್ಕೆ ಡ್ರೈನ್ ಬೋಲ್ಟೇ ಇಲ್ಲ. ಇಡೀ ಬಾಕ್ಸ್ ಇಳಿಸಿ ಬೋರಲು ಹಾಕಿದೆ. ಡಿಕಾಕ್ಷನ್ ಥರ ಕಪ್ಪಗೆ ಸುರಿಯಿತು. ಫ್ಯಾನ್ ಕೆಳಗಿನ ಸಂದುಗಳಲ್ಲಿ ಮೆತ್ತಿಕೊಂಡಿದ್ದ ಒಣಹುಲ್ಲನ್ನೂ ಕೆರೆದು ತೆಗೆದೆ. ಆಮೇಲೆ 20ಡಬ್ಲ್ಯೂ-50 ಎಂಜಿನ್ ಆಯಿಲ್ ತುಂಬಿದೆ.

ಮುಖ್ಯ ಕೆಲಸ ಗಾಳಿ ತೆಗೆಯುವುದು. ಸುಮ್ನೆ ಆಯಿಲ್ ತುಂಬಿ ಓಡಿಸಿದರೆ ಎಳೆಯುವುದೇ ಇಲ್ಲ. ಹಿಂದಿನ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬೈಪಾಸ್ (ಆಯಿಲ್ ಒತ್ತಡ ಮೋಟರಿಗೆ ಹೋಗದಂತೆ ಬಿಟ್ಟುಕೊಡುವ ವಾಲ್ವ್) ತೆರೆದಿಟ್ಟು, ಎಂಜಿನ್ ನಿಧಾನ ಓಡಿಸುತ್ತಾ, ಲಿವರನ್ನು ಮುಂದಕ್ಕೂ ಹಿಂದಕ್ಕೂ ಮೆಲ್ಲಗೆ 5-6 ಸಲ ಆಡಿಸಿ. ಎಂಜಿನ್ ನಿಲ್ಲಿಸಿ ಬೈಪಾಸ್ ಮುಚ್ಚಿ, ಎಂಜಿನ್ ಮತ್ತೆ ಓಡಿಸಿ ಲಿವರ್ ಅಷ್ಟೇ ಸಲ ಆಡಿಸಿ. ಆಯಿಲ್ ಮಟ್ಟ ಇಳಿದಿರುತ್ತದೆ, ತುಂಬಿ. ಸದ್ದು ಇನ್ನೂ ಜಾಸ್ತಿ ಇದ್ದರೆ ಇದೇ ಕ್ರಮ ಇನ್ನೊಮ್ಮೆ. ಆಮೇಲೆ ನೆಲಕ್ಕಿಳಿಸಿ, ಮೊದಲು ಸಮತಟ್ಟಿನಲ್ಲಿ ಓಡಿಸಿ, ತಣ್ಣಗಾದ ಮೇಲೆ ಮಟ್ಟ ಮತ್ತೊಮ್ಮೆ ನೋಡಿ.