ಹಳೆಯ ವೈನ್ ಹೂಜಿಯ ಮಸುಕು ತೆಗೆಯುವುದು ಹೇಗೆ?

ಊಟದ ಮೇಜಿನಲ್ಲಿ ವೈನ್ ಬಡಿಸಲು ಬಳಸುತ್ತಿದ್ದ ಕೆತ್ತನೆಯ ಗಾಜಿನ ಹೂಜಿಗೆ ಡಿಕ್ಯಾಂಟರ್ ಎಂದು ಹೆಸರು. ದಾವಣಗೆರೆಯ ನಮ್ಮ ಮನೆಯ ಷೋಕೇಸಿನಲ್ಲಿ ಅಂಥದ್ದೊಂದಿದೆ. ವರ್ಷಗಟ್ಟಲೆ ಬೋರ್‌ವೆಲ್ ನೀರಿನಲ್ಲೇ ತೊಳೆದದ್ದರಿಂದ ಅದರ ಒಳಮೈಗೆ ಬಿಳಿಯ ಸುಣ್ಣದ ಪದರ ಕಟ್ಟಿತ್ತು.

ಇಂಥ ಹೂಜಿ ಸಾಮಾನ್ಯವಾಗಿ ಸೀಸದ ಗಾಜಿನದು, ಅಂದರೆ ಸೀಸವೆಂಬ ಲೋಹದ ಅಂಶ ಬೆರೆಸಿದ ಗಾಜು. 1674ರಲ್ಲಿ ಇಂಗ್ಲೆಂಡಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಪೇಟೆಂಟ್ ಪಡೆದ ಈ ಗಾಜು ಹೊಳಪಿನದು, ಕೆತ್ತಲು ಸುಲಭವಾದಷ್ಟು ಮೃದುವಾದದ್ದು. ಆದ್ದರಿಂದಲೇ ಅದಕ್ಕೆ ಗೀರು ಬೀಳುವುದೂ ಬೇಗ. ಮರಳು, ಬೂದಿ, ಸ್ಟೀಲ್ ನಾರು ಯಾವುದನ್ನೂ ಒಳಗೆ ಬಿಡಬಾರದು.

ಮೊದಲು ಬಿರಡೆಯನ್ನು ತೆಗೆಯಿರಿ. ಅನೇಕ ಹಳೆಯ ಹೂಜಿಗಳಲ್ಲಿ ಬಿರಡೆಯ ಬುಡದಲ್ಲೂ ಕತ್ತಿನ ಅಂಚಿನಲ್ಲೂ ಒಂದೇ ಸಂಖ್ಯೆಯನ್ನು ಗೀರಿರುತ್ತಾರೆ. ಆಯಾ ಕತ್ತಿಗೆ ಉಜ್ಜಿ ಹೊಂದಿಸಿದ ಬಿರಡೆಯಾದ್ದರಿಂದ ಒಂದರದನ್ನು ಇನ್ನೊಂದಕ್ಕೆ ಹಾಕಬೇಡಿ. ಬಿರಡೆ ಕಚ್ಚಿಕೊಂಡಿದ್ದರೆ ಸಂದಿಗೆ ಎರಡು ಹನಿ ಅಡುಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಬೆಳಿಗ್ಗೆ ಬೆಚ್ಚಗಿನ ಬಟ್ಟೆಯನ್ನು ಕತ್ತಿಗೆ ಸುತ್ತಿ, ಮರದ ಚಮಚದಿಂದ ಎರಡೂ ಬದಿಗೆ ಮೆಲ್ಲನೆ ತಟ್ಟಿ. ಬಲ ಹಾಕಿ ತಿರುಗಿಸಿದರೆ ಕತ್ತೇ ಮುರಿಯುತ್ತದೆ.

ಬಳಿಕ ವಿನೆಗರ್ ಮತ್ತು ನೀರನ್ನು ಸಮವಾಗಿ ಬೆರೆಸಿ ಒಳಗೆ ಸುರಿದು, ಎರಡು ಚಮಚ ನುಚ್ಚಕ್ಕಿ ಹಾಕಿ, ತಳವನ್ನು ಅಂಗೈ ಮೇಲಿಟ್ಟುಕೊಂಡು ಮಜ್ಜಿಗೆ ಕಲಕುವ ಹಾಗೆ ನಿಧಾನವಾಗಿ ಸುತ್ತಾಡಿಸಬೇಕು. ಭತ್ತದ ಊರಾದ ನಮಗೆ ನುಚ್ಚಿಗೆ ಕೊರತೆಯಿಲ್ಲ. ಅದು ಗಾಜಿಗೆ ಗೀರು ಬೀಳದಂತೆ ಪದರವನ್ನು ಉಜ್ಜುತ್ತದೆ. ಪದರ ದಪ್ಪಗಿದ್ದರೆ ಒಂದೆರಡು ಗಂಟೆ ಹಾಗೇ ಬಿಟ್ಟು ಮತ್ತೆ ಕಲಕಿ. ಬೆಳ್ಳಿಯ ಹಿಡಿ, ಮೂತಿ ಇದ್ದರೆ ಹೂಜಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಅವುಗಳನ್ನು ಅಂಟಿಸಿದ ಗಾರೆ ಸಡಿಲವಾಗುತ್ತದೆ.

ನುಚ್ಚನ್ನು ಚೆಲ್ಲಿ, ಹಲವು ಬಾರಿ ಉಗುರುಬೆಚ್ಚನೆಯ ನೀರಿನಲ್ಲಿ ತೊಳೆಯಿರಿ. ಕೊನೆಯ ಜಾಲಾಟಕ್ಕೆ ಮಾತ್ರ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಬೇಕು, ಇಲ್ಲವಾದರೆ ಒಣಗಿದ ಹನಿಹನಿಗೂ ಮತ್ತೆ ಸುಣ್ಣದ ಕಲೆ ನಿಲ್ಲುತ್ತದೆ. ನಮ್ಮ ಹೂಜಿಯಲ್ಲಿ ಮೊದಲ ಸಲ ಆದದ್ದು ಇದೇ: ಸಂಜೆ ಸ್ಫಟಿಕದಂತಿದ್ದ ಗಾಜಿನ ತಳದಲ್ಲಿ ಬೆಳಗಾಗುವಷ್ಟರಲ್ಲಿ ಸಾಸಿವೆ ಗಾತ್ರದ ಬಿಳಿ ಚುಕ್ಕೆಗಳು ಮೂಡಿದ್ದವು.

ದಪ್ಪ ಟವೆಲ್ ಹಾಸಿದ ಅಗಲ ಪಾತ್ರೆಯಲ್ಲಿ ಹೂಜಿಯನ್ನು ಓರೆಯಾಗಿ ಬೋರಲು ಹಾಕಿ, ಪೂರ್ತಿ ಒಣಗಿದ ಮೇಲಷ್ಟೇ ಬಿರಡೆ ಇಡಿ. ಒಳಗೆ ತೇವ ಉಳಿದರೆ ಕಾಲಾಂತರದಲ್ಲಿ ಗಾಜೇ ಸವೆಯುತ್ತದೆ. ವಿನೆಗರ್ ಹಾಕಿದ ಮೇಲೂ ಒಣಗಿದಾಗ ಮಸುಕು ಮರಳಿದರೆ ಅದು ಬಹುತೇಕ ಈ ಸವೆತವೇ. ಮನೆಯ ಉಪಾಯಕ್ಕೆ ಬಗ್ಗುವುದಿಲ್ಲ.

ಇಂಥ ಹೂಜಿಯಲ್ಲಿ ವೈನನ್ನು ಊಟದ ಹೊತ್ತಿಗೆ ಬಡಿಸಬಹುದೇ ಹೊರತು ದಿನಗಟ್ಟಲೆ ಇಡಬಾರದು, ಏಕೆಂದರೆ ಹುಳಿಯಿರುವ ದ್ರವಕ್ಕೆ ಗಾಜಿನ ಸೀಸ ನಿಧಾನವಾಗಿ ಇಳಿಯುತ್ತದೆ. ನಿಂಬೆ ಶರಬತ್ತಿಗೂ ಇದೇ ನಿಯಮ.