ಒಂದೇ ಹೊಟ್ಟೆ, ನೂರು ತಿಂಡಿ: ಜಪಾನಿನ ಥೀಮ್ ಪಾರ್ಕುಗಳಲ್ಲಿ ಒಬ್ಬಳೇ ಸುತ್ತಿದ್ದು

ಥೀಮ್ ಪಾರ್ಕಿಗೆ ಒಬ್ಬಳೇ ಹೋಗುತ್ತೇನೆ ಎಂದರೆ ಜನ ಮೊದಲು ಕೇಳುವುದು ‘ಬೇಜಾರಾಗುವುದಿಲ್ಲವೇ’ ಎಂದು. ಬೇಜಾರಾಗುವುದಕ್ಕೂ ಪುರಸೊತ್ತು ಬೇಕಲ್ಲ! ನಿಜವಾದ ತೊಂದರೆ ಬೇರೆಯೇ ಇದೆ. ನಾಲ್ಕು ಜನರ ಗುಂಪಾದರೆ ನಾಲ್ಕು ಬಗೆಯ ತಿಂಡಿ ತೆಗೆದುಕೊಂಡು ತಲಾ ಒಂದೊಂದು ತುತ್ತು ರುಚಿ ನೋಡಿ ಮುಂದೆ ಹೋಗಬಹುದು. ಒಬ್ಬಳೇ ಇದ್ದಾಗ ಕೊಂಡದ್ದನ್ನೆಲ್ಲ ನಾನೇ ತಿಂದು ಮುಗಿಸಬೇಕು. ಮಧ್ಯಾಹ್ನ ಹನ್ನೆರಡಕ್ಕೆಲ್ಲ ಹೊಟ್ಟೆ ತುಂಬಿ, ಸಂಜೆಯ ತನಕ ಬರೀ ಪರಿಮಳ ಕುಡಿಯುತ್ತ ಓಡಾಡುವ ಸ್ಥಿತಿ ಬಂದರೆ ಅಷ್ಟು ದೂರ ಹೋದದ್ದಕ್ಕೆ ಏನು ಅರ್ಥ? ಹಾಗಾಗಿ ನಾನು ದಿನವನ್ನು ಹೆಣೆಯುವುದು ರೈಡ್‌ಗಳ ಸುತ್ತ ಅಲ್ಲ, ತಿಂಡಿಗಳ ಸುತ್ತ. ಒಂಟಿಯವರಿಗೆ ರೈಡ್‌ನಲ್ಲಿ ಹೇಗೋ ಒಂದು ಸೀಟು ಸಿಕ್ಕೇ ಸಿಗುತ್ತದೆ. ಹೊಟ್ಟೆಯಲ್ಲಿ ಜಾಗ ಹಾಗೆ ಸಿಗುವುದಿಲ್ಲ.

ಟೋಕಿಯೊ ಡಿಸ್ನಿಲ್ಯಾಂಡ್ ಹೆಸರಿಗಷ್ಟೇ ಟೋಕಿಯೊ. ಅದು ಇರುವುದು ಪಕ್ಕದ ಚಿಬಾ ಪ್ರಾಂತ್ಯದ ಉರಾಯಾಸುವಿನಲ್ಲಿ, ಸಮುದ್ರ ತುಂಬಿಸಿ ಮಾಡಿದ ನೆಲದ ಮೇಲೆ. 1983ರ ಏಪ್ರಿಲ್ 15ರಂದು ಬಾಗಿಲು ತೆರೆದ ಇದು ಅಮೆರಿಕದ ಹೊರಗೆ ಕಟ್ಟಿದ ಮೊದಲ ಡಿಸ್ನಿ ಪಾರ್ಕ್. ಪಕ್ಕದಲ್ಲೇ ಇರುವ ಟೋಕಿಯೊ ಡಿಸ್ನಿಸೀ 2001ರ ಸೆಪ್ಟೆಂಬರ್‌ನಲ್ಲಿ ಶುರುವಾಯಿತು. ಎರಡಕ್ಕೂ ಇಳಿಯಬೇಕಾದ ನಿಲ್ದಾಣ ಮೈಹಾಮಾ. ಟೋಕಿಯೊ ನಿಲ್ದಾಣದಿಂದ ಕೇಯೊ ಮಾರ್ಗದ ರೈಲಿನಲ್ಲಿ ಕಾಲು ಗಂಟೆಯ ದಾರಿ ಎಂದು ಎಲ್ಲರೂ ಹೇಳುತ್ತಾರೆ. ಆ ಮಾರ್ಗದ ಪ್ಲಾಟ್‌ಫಾರಂ ನೆಲದಡಿಯಲ್ಲಿ, ಉಳಿದ ಪ್ಲಾಟ್‌ಫಾರಂಗಳಿಂದ ಬಲು ದೂರದಲ್ಲಿದೆ ಎಂಬುದನ್ನು ಯಾರೂ ಹೇಳುವುದಿಲ್ಲ. ಚಲಿಸುವ ಕಾಲುಹಾದಿಗಳ ಮೇಲೆ ನಡೆದಷ್ಟೂ ಮುಗಿಯದ ದಾರಿ ಅದು. ಬೆಳಿಗ್ಗೆ ಬೇಗ ತಲುಪಬೇಕು ಎನ್ನುವವರು ಈ ನಡಿಗೆಗೂ ಸಮಯ ಇಟ್ಟುಕೊಳ್ಳಬೇಕು.

ಟಿಕೆಟ್ಟನ್ನು ಮೊದಲೇ, ದಿನಾಂಕ ಸಹಿತ ಕೊಳ್ಳಬೇಕು. ದಿನಕ್ಕೆ ತಕ್ಕಂತೆ ಬೆಲೆ ಬದಲಾಗುತ್ತದೆ. ನಾನು ಹೋದಾಗ ದೊಡ್ಡವರ ಒಂದು ದಿನದ ಟಿಕೆಟ್ 7,900 ಯೆನ್‌ನಿಂದ 10,900 ಯೆನ್‌ವರೆಗೆ ಇತ್ತು. ವಾರದ ನಡುವಿನ ದಿನ ಅಗ್ಗ, ಜನವೂ ಕಡಿಮೆ. ನನ್ನನ್ನು ಕೇಳಿದರೆ ಮಳೆ ಬರುವ ಮುನ್ಸೂಚನೆ ಇರುವ ದಿನವೇ ಒಳ್ಳೆಯದು. ಮಳೆಕೋಟು ಹಾಕಿಕೊಂಡು ನಿಂತರೆ ಪಾಪ್‌ಕಾರ್ನ್ ಗಾಡಿಯ ಮುಂದೆ ಸರದಿಯೇ ಇರುವುದಿಲ್ಲ.

ಪಾಪ್‌ಕಾರ್ನ್ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಈ ಎರಡು ಪಾರ್ಕುಗಳಲ್ಲಿ ಅದು ಬರೀ ಕುರುಕಲು ತಿಂಡಿಯಲ್ಲ, ಒಂದು ಪಂಥ. ಒಂದೊಂದು ಗಾಡಿಯಲ್ಲಿ ಒಂದೊಂದು ರುಚಿ: ಕ್ಯಾರಮೆಲ್, ಜೇನು, ಸೋಯಾ ಸಾಸ್ ಮತ್ತು ಬೆಣ್ಣೆ, ಚಾಕೊಲೇಟ್, ‘ಕರಿ’ ಎಂಬ ಮಸಾಲೆ. ಋತು ಬದಲಾದಂತೆ ಕೆಲವು ರುಚಿಗಳು ಬಂದು ಹೋಗುತ್ತವೆ. ಯಾವ ಗಾಡಿಯಲ್ಲಿ ಇವತ್ತು ಯಾವ ರುಚಿ ಎಂಬುದನ್ನು ಪಾರ್ಕಿನ ಅಧಿಕೃತ ಆ್ಯಪ್‌ನಲ್ಲಿ ನೋಡಬಹುದು. ಸಾದಾ ಕಾಗದದ ಪೆಟ್ಟಿಗೆಯಲ್ಲಿ ಕೊಂಡರೆ ಕೆಲವು ನೂರು ಯೆನ್ ಆಗುತ್ತದೆ. ಮಿಕ್ಕಿ ಮುಖದ್ದೋ ಇನ್ನೊಂದು ಪಾತ್ರದ್ದೋ ಪ್ಲಾಸ್ಟಿಕ್ ಬಕೆಟ್ ಬೇಕೆಂದರೆ ಸಾವಿರಾರು ಯೆನ್ ತೆರಬೇಕು. ಆದರೆ ಆ ಬಕೆಟ್ ಇದ್ದವರು ಬೇರೆ ಗಾಡಿಗಳಲ್ಲಿ ಕಡಿಮೆ ಬೆಲೆಗೆ ಮತ್ತೆ ಮತ್ತೆ ತುಂಬಿಸಿಕೊಳ್ಳಬಹುದು. ಬೇರೆಯವರ ಲೆಕ್ಕ ಏನೋ, ಒಂಟಿಯವರಿಗೆ ಬಕೆಟ್ ನಷ್ಟದ ಬಾಬ್ತು. ಒಂದು ಸಲ ತುಂಬಿಸಿದ್ದನ್ನು ಖಾಲಿ ಮಾಡದೆ ಇನ್ನೊಂದು ರುಚಿಗೆ ಹೋಗುವಂತಿಲ್ಲ. ನಾನು ಸಣ್ಣ ಪೆಟ್ಟಿಗೆ ಕೊಂಡು, ಅರ್ಧ ತಿಂದು, ಉಳಿದದ್ದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಸುರಿದುಕೊಳ್ಳುತ್ತೇನೆ. ಇಂಥ ಖಾಲಿ ಚೀಲಗಳ ಒಂದು ಕಟ್ಟು ಬೆನ್ನಚೀಲದಲ್ಲಿ ಯಾವಾಗಲೂ ಇರುತ್ತದೆ. ರಾತ್ರಿ ಹೋಟೆಲಿನಲ್ಲಿ ಕುಳಿತು ಎಲ್ಲ ರುಚಿಗಳನ್ನೂ ಒಟ್ಟಿಗೆ ಹರಡಿಕೊಂಡು ತಿನ್ನುವ ಸುಖ ಗುಂಪಿನಲ್ಲಿ ಹೋದವರಿಗೆ ಎಲ್ಲಿ ಬರಬೇಕು?

ಕರಿ ಪಾಪ್‌ಕಾರ್ನ್ ಮಾತ್ರ ಚೀಲದ ತನಕ ಉಳಿದದ್ದಿಲ್ಲ. ಜಪಾನೀಯರ ಕರಿ ಪುಡಿಯಲ್ಲಿ ಖಾರ ಕಡಿಮೆ, ಸಿಹಿಯ ಒಂದು ಎಳೆ ಇರುತ್ತದೆ. ಬಾಯಿಗೆ ಹಾಕಿದ ಕೂಡಲೇ ಏನೂ ಅನ್ನಿಸುವುದಿಲ್ಲ. ನಾಲ್ಕಾರು ಕಾಳು ಆದ ಮೇಲೆ ಗಂಟಲ ಹತ್ತಿರ ಬೆಚ್ಚಗಾಗುತ್ತದೆ, ಬೆರಳ ತುದಿ ಹಳದಿಯಾಗುತ್ತದೆ, ಅಷ್ಟರಲ್ಲಿ ಪೆಟ್ಟಿಗೆಯ ತಳ ಕಾಣುತ್ತದೆ. ಸೋಯಾ ಸಾಸ್ ಬೆಣ್ಣೆಯದು ಇದಕ್ಕಿಂತ ಜಾಣ ರುಚಿ ಎಂದು ಬಲ್ಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ಡಿಸ್ನಿಲ್ಯಾಂಡಿನ ಏಲಿಯನ್ ಮೋಚಿ ಎಂಬ ಅಂಟಕ್ಕಿಯ ಸಿಹಿಯೂ ಹೆಸರುವಾಸಿ. ಮೂರು ಕಣ್ಣಿನ ಹಸಿರು ಮುಖದ ಮೂರು ಪುಟ್ಟ ಉಂಡೆಗಳು, ಒಳಗೆ ಒಂದರಲ್ಲಿ ಕಸ್ಟರ್ಡ್, ಒಂದರಲ್ಲಿ ಚಾಕೊಲೇಟ್, ಒಂದರಲ್ಲಿ ಸ್ಟ್ರಾಬೆರಿ. ಹೊರಗಿನಿಂದ ಯಾವುದು ಯಾವುದೆಂದು ಗೊತ್ತಾಗುವುದಿಲ್ಲ. ತಣ್ಣಗಿರುತ್ತದೆ, ಹಲ್ಲಿಗೆ ಸ್ವಲ್ಪ ಎಳೆಯುತ್ತದೆ, ಪ್ರಮಾಣ ಒಬ್ಬರಿಗೆ ಸರಿಯಾಗಿದೆ. ಒಂಟಿಯವರನ್ನು ನೆನಪಿನಲ್ಲಿಟ್ಟುಕೊಂಡೇ ಮಾಡಿದ ತಿಂಡಿ ಎಂದರೆ ನನ್ನ ಮಟ್ಟಿಗೆ ಇದು. ಟರ್ಕಿ ಕೋಳಿಯ ಹೊಗೆಯಾಡಿಸಿದ ಕಾಲನ್ನು ಮಾತ್ರ ನಾನು ದೂರದಿಂದಲೇ ಗೌರವಿಸಿದ್ದೇನೆ. ಅದನ್ನು ಮುಗಿಸಿದವರಿಗೆ ಆ ದಿನ ಬೇರೆ ಏನೂ ಬೇಕಾಗುವುದಿಲ್ಲ.

ಎರಡರಲ್ಲಿ ಒಂದನ್ನೇ ನೋಡಲು ಸಮಯವಿದ್ದರೆ ನಾನು ಆರಿಸುವುದು ಡಿಸ್ನಿಸೀ. ಇಡೀ ಪಾರ್ಕನ್ನು ಬಂದರುಗಳಾಗಿ ವಿಂಗಡಿಸಿದ್ದಾರೆ. ಮೊದಲು ಏಳಿದ್ದವು, 2024ರ ಜೂನ್‌ನಲ್ಲಿ ಫ್ಯಾಂಟಸಿ ಸ್ಪ್ರಿಂಗ್ಸ್ ಸೇರಿ ಎಂಟಾದವು. ನಡುವೆ ಪ್ರೊಮೀಥಿಯಸ್ ಎಂಬ ಕೃತಕ ಜ್ವಾಲಾಮುಖಿ ಪರ್ವತ. ಅದರ ಬಾಯೊಳಗಿನ ಮಿಸ್ಟೀರಿಯಸ್ ಐಲ್ಯಾಂಡ್‌ನಲ್ಲಿ, ನಾಟಿಲಸ್ ಜಲಾಂತರ್ಗಾಮಿಯನ್ನು ನಿಲ್ಲಿಸಿರುವ ಕಡೆ, ಗ್ಯೋಜಾ ಎಂಬ ಕಡುಬಿನಂಥ ಬನ್ ಸಿಗುತ್ತದೆ. ಹಬೆಯಲ್ಲಿ ಬೇಯಿಸಿದ ಬಿಳಿಯ ಮೆತ್ತನೆ ಬನ್ನು, ಅಂಚಿಗೆ ಗ್ಯೋಜಾದ ನೆರಿಗೆ, ಒಳಗೆ ಉದ್ದಕ್ಕೂ ಹಂದಿಮಾಂಸದ ಹೂರಣ. ಕಾಗದದ ತುದಿ ಹಿಡಿದು ಕಚ್ಚಿದರೆ ಮೊದಲು ಬಿಸಿ ಹಬೆ ಮೂಗಿಗೆ ಬಡಿಯುತ್ತದೆ, ಆಮೇಲೆ ಬೆಳ್ಳುಳ್ಳಿಯ ಘಾಟು, ಆಮೇಲೆ ರಸ. ಊಟದ ಹೊತ್ತಿಗೆ ಇಲ್ಲಿ ಉದ್ದುದ್ದ ಸರದಿ. ಬೆಳಿಗ್ಗೆ ಹತ್ತೂವರೆಗೆ ಹೋದರೆ ಬೇಗ ಕೈಗೆ ಸಿಗುತ್ತದೆ. ನನ್ನ ಇಡೀ ಉಪಾಯದ ಗುಟ್ಟು ಇದೇ: ಊಟದ ಹೊತ್ತಿನಲ್ಲಿ ರೈಡ್, ರೈಡ್‌ಗೆ ಜನ ಮುಗಿಬೀಳುವ ಹೊತ್ತಿನಲ್ಲಿ ತಿಂಡಿ. ಮಕ್ಕಳೊಂದಿಗೆ ಬಂದವರಿಗೆ ಹನ್ನೆರಡೂವರೆಗೆ ಊಟ ಮಾಡಿಸಲೇಬೇಕು, ನನಗೆ ಅಂಥ ಕಟ್ಟುಪಾಡಿಲ್ಲ.

ಒಂದು ಎಚ್ಚರಿಕೆ. ಅದೇ ಪಾರ್ಕಿನ ರೇಜಿಂಗ್ ಸ್ಪಿರಿಟ್ಸ್ ಎಂಬ ರೋಲರ್ ಕೋಸ್ಟರ್‌ನಲ್ಲಿ ಗಾಡಿ ಒಂದು ಕಡೆ ಪೂರ್ತಿ ತಲೆಕೆಳಗಾಗಿ ಸುತ್ತುತ್ತದೆ. ಇಂಥವುಗಳನ್ನು ಬನ್ನಿಗಿಂತ ಮೊದಲೇ ಮುಗಿಸಿಕೊಳ್ಳಬೇಕು. ದೋಣಿಯಲ್ಲಿ ಕುಳಿತು ಸಿಂದಬಾದನ ಗೊಂಬೆಗಳನ್ನು ನೋಡುತ್ತ ಹೋಗುವಂಥವು ತಿಂದಾದ ಮೇಲಿನ ಗಂಟೆಗೆ ಸರಿ.

ಜಾಗ ಹಿಡಿಯುವುದು ಒಂಟಿಯವರ ಇನ್ನೊಂದು ಚಿಂತೆ. ತಟ್ಟೆ ಹಿಡಿದು ನಿಂತವಳಿಗೆ ಮೇಜು ಕಾಯ್ದಿರಿಸಲು ಯಾರೂ ಇಲ್ಲವಲ್ಲ. ಅಲ್ಲಿನವರು ಕುರ್ಚಿಯ ಮೇಲೆ ಕರವಸ್ತ್ರವನ್ನೋ ಕೊಡೆಯನ್ನೋ ಇಟ್ಟು ಹೋಗುತ್ತಾರೆ, ಬಂದು ನೋಡಿದರೆ ಅದು ಅಲ್ಲೇ ಇರುತ್ತದೆ. ನಾನೂ ಅದನ್ನೇ ಮಾಡಿದೆ. ಪಾಸ್‌ಪೋರ್ಟು, ದುಡ್ಡು ಮಾತ್ರ ಮೈಮೇಲೆಯೇ. ಒಬ್ಬಳೇ ಕುಳಿತು ತಿನ್ನುವಾಗ ನಾಲ್ಕು ಜನ ನೋಡುತ್ತಾರೆಂಬ ಅಳುಕು ಇದ್ದವರಿಗೆ ಡಿಸ್ನಿಸೀ ತಕ್ಕ ಮದ್ದು. ಅಲ್ಲಿ ಡಫಿ ಎಂಬ ಬಟ್ಟೆಯ ಕರಡಿಯ ಭಕ್ತರು ಬಹಳ. ದೊಡ್ಡವರೇ ಕರಡಿಯನ್ನು ತೋಳಿನಲ್ಲಿ ಎತ್ತಿಕೊಂಡು ಬಂದು, ಎದುರಿಗೆ ಕೂರಿಸಿ, ತಟ್ಟೆಯ ಪಕ್ಕದಲ್ಲಿ ಇಟ್ಟು ಫೋಟೊ ತೆಗೆಯುತ್ತಿರುತ್ತಾರೆ. ಕರಡಿಗೂ ಕುರ್ಚಿ ಇರುವ ಕಡೆ ಒಂಟಿ ಹೆಂಗಸನ್ನು ಯಾರು ಗಮನಿಸುತ್ತಾರೆ?

ಸಸ್ಯಾಹಾರಿಗಳಿಗೆ ಇಲ್ಲಿ ಸ್ವಲ್ಪ ಕಷ್ಟವಿದೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ತರಕಾರಿಯದ್ದೇ ಎಂದು ಕಾಣುವ ಸಾರಿನಲ್ಲಿ ದಾಶಿ ಎಂಬ ಒಣಮೀನಿನ ರಸ ಇರಬಹುದು, ಸಿಹಿಯಲ್ಲಿ ಪ್ರಾಣಿಗಳಿಂದ ತೆಗೆದ ಜೆಲಟಿನ್ ಇರಬಹುದು. ಅಲರ್ಜಿಯ ಪಟ್ಟಿ ನೋಡಿ ಸಮಾಧಾನಪಡುವಂತಿಲ್ಲ. ಜಪಾನಿನಲ್ಲಿ ಕಡ್ಡಾಯವಾಗಿ ನಮೂದಿಸಬೇಕಾದವು ಸೀಗಡಿ, ಏಡಿ, ಗೋಧಿ, ಮೊಟ್ಟೆ, ಹಾಲು, ಕಡಲೆಕಾಯಿಯಂಥವು. ಮೀನು, ಮಾಂಸ ಆ ಕಡ್ಡಾಯ ಪಟ್ಟಿಯಲ್ಲಿಲ್ಲ. ಮೊಬೈಲ್ ಕ್ಯಾಮೆರಾವನ್ನು ಪೊಟ್ಟಣದ ಹಿಂಬದಿಗೆ ಹಿಡಿದು ಅನುವಾದ ಮಾಡಿಸಿಕೊಳ್ಳುವುದು, ಅನುಮಾನ ಬಂದರೆ ಸಿಬ್ಬಂದಿಯನ್ನು ಕೇಳುವುದು, ಇವೆರಡೇ ದಾರಿ. ಅವರು ಬೇಸರಿಸಿಕೊಳ್ಳುವುದಿಲ್ಲ. ದಪ್ಪನೆಯ ಕಡತವನ್ನೇ ತಂದು ಪುಟ ತಿರುಗಿಸಿ ತೋರಿಸಿದವರೂ ಇದ್ದಾರೆ.

ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್ ಜಪಾನ್‌ನ ಗತ್ತೇ ಬೇರೆ. 2001ರ ಮಾರ್ಚ್‌ನಲ್ಲಿ ತೆರೆದ ಈ ಪಾರ್ಕಿನಲ್ಲಿ ಗದ್ದಲ ಹೆಚ್ಚು, ಮೈ ನಡುಗಿಸುವ ರೈಡ್‌ಗಳೂ ಹೆಚ್ಚು. ಒಂಟಿಯವರಿಗೆ ವರದಾನವಾದ ಸಿಂಗಲ್ ರೈಡರ್ ಸಾಲು ಇಲ್ಲಿದೆ. ಗುಂಪುಗಳನ್ನು ಕೂರಿಸಿದ ಮೇಲೆ ಉಳಿಯುವ ಬಿಡಿ ಸೀಟುಗಳಿಗೆ ಈ ಸಾಲಿನವರನ್ನು ಕಳಿಸುತ್ತಾರೆ. ಬಾಗಿಲ ಬಳಿಯ ಸಿಬ್ಬಂದಿಗೆ ಒಂದು ಬೆರಳು ಎತ್ತಿ ತೋರಿಸಿದರೆ ಸಾಕು, ಭಾಷೆ ಬೇಕಾಗಿಲ್ಲ. ಹಾಲಿವುಡ್ ಡ್ರೀಮ್ ಎಂಬ ಕೋಸ್ಟರ್‌ಗೆ ಸಾಮಾನ್ಯ ಸರದಿ ಎರಡು ಗಂಟೆ ಎಂದು ಫಲಕದಲ್ಲಿ ಇದ್ದಾಗ ನಾನು ಅದರ ಅರ್ಧ ಹೊತ್ತೂ ಕಾಯಲಿಲ್ಲ. ಸೀಟಿನಲ್ಲೇ ಬೇಕಾದ ಸಂಗೀತ ಆರಿಸಿಕೊಳ್ಳಬಹುದು. ಪಕ್ಕದಲ್ಲಿ ಸಮವಸ್ತ್ರದ ಶಾಲಾ ಹುಡುಗಿಯರು. ಮೇಲಿನಿಂದ ಬೀಳುವಾಗ ಮೂವರೂ ಒಂದೇ ಸ್ವರದಲ್ಲಿ ಕಿರುಚಿದೆವು. ಕೆಳಗಿಳಿದ ಮೇಲೆ ಅವರು ತಲೆಬಾಗಿ ವಂದಿಸಿದರು, ನಾನೂ ವಂದಿಸಿದೆ. ಪರಿಚಯ ಅಲ್ಲಿಗೆ ಮುಗಿಯಿತು, ಅಷ್ಟೇ ಚೆನ್ನಾಗಿತ್ತು ಕೂಡ. ಫ್ಲೈಯಿಂಗ್ ಡೈನೊಸಾರ್ ಎಂಬ ಇನ್ನೊಂದು ಕೋಸ್ಟರ್‌ನಲ್ಲಿ ಮುಖ ಕೆಳಗೆ ಮಾಡಿ ತೂಗುಹಾಕುತ್ತಾರೆ. ಅದಕ್ಕೆ ಹತ್ತುವ ಮೊದಲು ಜೇಬಿನಲ್ಲಿರುವುದನ್ನೆಲ್ಲ ಲಾಕರ್‌ಗೆ ಹಾಕಬೇಕು, ಅರ್ಧ ತಿಂದ ತಿಂಡಿಯನ್ನೂ.

ಇಲ್ಲಿನ ತಿಂಡಿಗಳಲ್ಲಿ ಬಟರ್‌ಬಿಯರ್‌ಗೆ ದೊಡ್ಡ ಹೆಸರು. 2014ರಲ್ಲಿ ತೆರೆದ ಹ್ಯಾರಿ ಪಾಟರ್ ಆವರಣದಲ್ಲಿ ಗಾಡಿಗಳ ಮುಂದೆ ಜನ ನೆರೆದಿರುತ್ತಾರೆ. ಮದ್ಯಸಾರವಿಲ್ಲದ, ಕ್ಯಾರಮೆಲ್ ರುಚಿಯ, ದಪ್ಪ ನೊರೆಯ ಪಾನೀಯ. ಕುಡಿದವರೆಲ್ಲ ಬಿಳಿ ಮೀಸೆ ಹೊತ್ತು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಅರ್ಧ ಲೋಟಕ್ಕೇ ಸಿಹಿ ತಲೆಗೇರಿತು. ಅದಕ್ಕಿಂತ ಮಾರಿಯೊ ವಿಡಿಯೊ ಆಟಗಳ ಆವರಣವಾದ ಸೂಪರ್ ನಿಂಟೆಂಡೊ ವರ್ಲ್ಡ್‌ನ ಯೋಶಿ ಅಂಗಡಿಯಲ್ಲಿ ಸಿಗುವ ಕ್ಯಾಲ್ಜೋನೆ ಮೇಲು. ಆಮೆ ಚಿಪ್ಪಿನ ಆಕಾರದ ಹಸಿರು ಬ್ರೆಡ್ಡು, ಒಳಗೆ ಹುರಿದ ಯಾಕಿಸೋಬಾ ನೂಡಲ್ಸ್ ಮತ್ತು ಚೀಸ್. ಮೈದಾದೊಳಗೆ ಮೈದಾ ತುಂಬುವ ಈ ಧೈರ್ಯಕ್ಕೆ ಮೆಚ್ಚಲೇಬೇಕು. 2021ರ ಮಾರ್ಚ್‌ನಲ್ಲಿ ತೆರೆದ ಈ ಆವರಣಕ್ಕೆ ಜನಸಂದಣಿ ಇರುವ ದಿನಗಳಲ್ಲಿ ಸಮಯ ನಿಗದಿಯಾದ ಪ್ರವೇಶ ಚೀಟಿ ಬೇಕು. ಪಾರ್ಕಿನ ಒಳಗೆ ಕಾಲಿಟ್ಟ ಕೂಡಲೇ ಮೊಬೈಲಿನಲ್ಲಿ ಅದನ್ನು ಪಡೆದುಬಿಡಬೇಕು.

ದೊಡ್ಡ ಪಾರ್ಕುಗಳು ಸಾಕು ಅನ್ನಿಸಿದವರಿಗೆ ಟೋಕಿಯೊದ ಅಸಾಕುಸಾದಲ್ಲಿ ಹನಾಯಾಶಿಕಿ ಇದೆ. 1853ರಲ್ಲಿ ಹೂದೋಟವಾಗಿ ಶುರುವಾದ ಇದನ್ನು ಜಪಾನಿನ ಅತ್ಯಂತ ಹಳೆಯ ಮನೋರಂಜನಾ ಪಾರ್ಕ್ ಎನ್ನುತ್ತಾರೆ. 1953ರ ರೋಲರ್ ಕೋಸ್ಟರ್ ಇನ್ನೂ ಓಡುತ್ತಿದೆ, ಗರಿಷ್ಠ ವೇಗ ಗಂಟೆಗೆ 42 ಕಿಲೋಮೀಟರ್. ವೇಗ ಕಡಿಮೆ ಎಂದು ನಕ್ಕವರು ಹತ್ತಿ ನೋಡಬೇಕು. ಕಟ್ಟಡಗಳನ್ನು ಸವರಿಕೊಂಡೇ ಹೋಗುವ ಹಳಿ, ಪ್ರತಿ ತಿರುವಿನಲ್ಲೂ ಕಿರುಗುಟ್ಟುವ ಸದ್ದು. ಹೊಸ ಕೋಸ್ಟರ್‌ಗಳಲ್ಲಿ ಈ ಬಗೆಯ ಹೆದರಿಕೆ ಇಲ್ಲ.

ಒಂದು ಸುತ್ತು ಹಾಕಿ ಅಲ್ಲಿಂದ ಹೊರಬಿದ್ದರೆ ಸೆನ್ಸೋಜಿ ದೇವಾಲಯ, ಅದರ ಮುಂದಿನ ನಾಕಾಮಿಸೆ ಬೀದಿ. ಕೆಂಪು ಕಾಳಿನ ಹೂರಣದ ನಿಂಗ್ಯೊಯಾಕಿ ಎಂಬ ಪುಟ್ಟ ಕೇಕು, ಎಣ್ಣೆಯಲ್ಲಿ ಕರಿದ ಮಂಜೂ ಎಂಬ ಹೂರಣದ ಬನ್ನು, ಸೆಂಬೆ ಎಂಬ ಅಕ್ಕಿಯ ಬಿಸಿ ಬಿಲ್ಲೆ. ಈ ಬೀದಿಯಲ್ಲಿ ತಿನ್ನುತ್ತ ನಡೆಯಬಾರದು, ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಬೇಕೆಂದು ಕೋರುತ್ತಾರೆ. ಕಸವನ್ನೂ ಅಲ್ಲೇ ಕೊಡಬಹುದು. ಪಾರ್ಕಿನ ಒಳಗೆ ಹೆಜ್ಜೆಗೊಂದು ಕಸದ ಡಬ್ಬಿ, ಹೊರಗಿನ ಬೀದಿಗಳಲ್ಲಿ ಅಪರೂಪ. ಕರಿದ ಮಂಜೂ, ಸೆಂಬೆ ಇವೆಲ್ಲ ಬಿಡಿಯಾಗಿ ಸಿಗುತ್ತವೆ. ಒಂದೇ ಒಂದು ಕೊಡಿ ಎಂದು ಬೆರಳು ತೋರಿಸಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಹಾಗೆ ಒಂದೊಂದೇ ಕೊಳ್ಳುತ್ತ, ಅಂಗಡಿಯಿಂದ ಅಂಗಡಿಗೆ ನಿಲ್ಲುತ್ತ ನಾನು ಆ ಬೀದಿ ದಾಟುವಷ್ಟರಲ್ಲಿ ಮಧ್ಯಾಹ್ನದ ಊಟದ ಅಗತ್ಯವೇ ಬೀಳಲಿಲ್ಲ.